ಅಲ್ಲಾಡೋ ಕುರ್ಚಿಗೆ ಮೊಳೆ ಹೊಡೀಬೇಡಿ, ಬಿಚ್ಚಿ ಅಂಟಿಸಿ

ಊರಿನೋರೆಲ್ಲ ಹಂಚ್ಕೊಂಡು ಬಳಸೋ ಕಮ್ಯುನಿಟಿ ವರ್ಕ್‌ಶಾಪ್‌ನಲ್ಲಿ ರಿಪೇರಿ ದಿನ ಅಂತ ಇಟ್ಟರೆ ಕಾಲು ಅಲ್ಲಾಡೋ ಮರದ ಕುರ್ಚಿ ಒಂದಾದ್ರೂ ಬಂದೇ ಬರುತ್ತೆ. ಬರೋ ಹೊತ್ತಿಗೆ ಯಾರೋ ಅದಕ್ಕೆ ಎರಡು ಮೊಳೆ ಜಡಿದಿರ್ತಾರೆ, ಇಲ್ಲ ಸಂದಿಯೊಳಗೆ ಮೇಲಿಂದ ಗಮ್ ಸುರಿದಿರ್ತಾರೆ, ನನಗೆ ಅದನ್ನ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಸರಿಯಾಗಿ ಬಿಚ್ಚಿ ಅಂಟಿಸಿದ ಕುರ್ಚಿ ಇನ್ನೂ ಎಷ್ಟೋ ವರ್ಷ ಜಗ್ಗದೆ ನಿಲ್ಲುತ್ತೆ, ಮೊಳೆ ಹೊಡೆದಿದ್ದು ಮಾತ್ರ ಸ್ವಲ್ಪ ದಿನದಲ್ಲೇ ಮರ ಸೀಳ್ಕೊಂಡು ವಾಪಸ್ ಬರುತ್ತೆ.

ಕುರ್ಚಿ ಸಡಿಲ ಆಗೋದು ಯಾಕೆ ಅಂತ ಮೊದಲು ತಿಳ್ಕೊಳ್ಳಿ. ಗಾಳೀಲಿ ತೇವ ಇದ್ದಾಗ ಮರ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ, ಅದೂ ನಾರಿನ ಉದ್ದಕ್ಕಲ್ಲ, ಅಡ್ಡಕ್ಕೆ. ಕಾಲಿನ ನಾರು ಒಂದು ದಿಕ್ಕು, ಅದರ ತೂತಿಗೆ ಸೇರೋ ಅಡ್ಡಪಟ್ಟಿಯ ನಾರು ಇನ್ನೊಂದು ದಿಕ್ಕು, ಹಾಗಾಗಿ ಎರಡೂ ಒಂದೇ ಥರ ಉಬ್ಬಲ್ಲ ಕುಗ್ಗಲ್ಲ, ನಡುವೆ ಇರೋ ಅಂಟು ಪ್ರತಿ ಸಲ ಸ್ವಲ್ಪ ಸ್ವಲ್ಪ ಬಿಡ್ತಾ ಹೋಗುತ್ತೆ. ಅದರ ಮೇಲೆ ನಾವು ಹಿಂದಿನ ಎರಡೇ ಕಾಲಿನ ಮೇಲೆ ವಾಲಿ ಕೂತ್ರಂತೂ ಮುಗೀತು.

ಇನ್ನೊಂದು ಮಾತು. 2009ರಲ್ಲಿ ಮಾರ್ಟೀನ್ ಪೋಸ್ಟ್ಮಾ ಅನ್ನೋ ಹೆಂಗಸು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಪೇರಿ ಕೆಫೆ ಶುರು ಮಾಡಿದ್ರಲ್ಲ, ಅಲ್ಲಿ ಸಾಮಾನು ತಂದವರು ಕೊಟ್ಟು ಹೋಗೋ ಹಾಗಿಲ್ಲ, ಗೊತ್ತಿರೋರ ಪಕ್ಕ ಕೂತು ಜೊತೇಲೇ ರಿಪೇರಿ ಮಾಡ್ಬೇಕು. ವರ್ಕ್‌ಶಾಪ್‌ಗೆ ಹೋದಾಗ ನೀವೂ ಹಾಗೇ ಕೈ ಹಾಕಿ ಕೂತ್ಕೊಳ್ಳಿ, ಮುಂದಿನ ಕುರ್ಚಿ ನೀವೇ ಮಾಡಬಹುದು.

ಬಿಚ್ಚೋ ಮುಂಚೆ ನಂಬರ್

ಟೇಬಲ್ ಮೇಲೆ ಹಳೇ ಕಂಬಳಿ ಹಾಸಿ ಕುರ್ಚೀನ ತಲೆಕೆಳಗೆ ಇಡಿ. ಒಂದೊಂದೇ ಜಾಯಿಂಟ್ ಹಿಡಿದು ತಿರುಚಿ ನೋಡಿ, ಯಾವುದು ಅಲ್ಲಾಡುತ್ತೋ ಅದಕ್ಕೆ ಗುರುತು ಹಾಕಿ. ಮೊಳೆ, ಸ್ಕ್ರೂ ಇದ್ರೆ ಮೊದಲು ಅದನ್ನ ತೆಗೀರಿ, ಒಂದು ಒಳಗೆ ಉಳಿದ್ರೂ ಬಿಚ್ಚುವಾಗ ಮರ ಸೀಳುತ್ತೆ. ಆಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಪ್ರತಿ ಜಾಯಿಂಟಿನ ಎರಡೂ ಕಡೆ ಒಂದೇ ನಂಬರ್ ಬರೀರಿ, ಯಾವ ಮುಖ ಮೇಲೆ ಬರುತ್ತೆ ಅಂತ ಒಂದು ಬಾಣದ ಗುರುತೂ ಇರಲಿ. ನಾನು ಒಮ್ಮೆ ಇದನ್ನ ಬಿಟ್ಟಿದ್ದೆ, ಎರಡು ಅಡ್ಡಪಟ್ಟಿ ನೋಡೋಕೆ ಒಂದೇ ಥರ ಇದ್ವು ಆದ್ರೆ ಒಂದು ನಾಲ್ಕು ಮಿಲಿಮೀಟರ್ ಉದ್ದ, ಅದಲುಬದಲಾಗಿ ಕೂತು ಇಡೀ ಕುರ್ಚಿ ಸೊಟ್ಟಗಾಯ್ತು, ಗಮ್ ಹಸಿ ಇದ್ದಾಗಲೇ ಗೊತ್ತಾಗಿದ್ದಕ್ಕೆ ಬಚಾವ್.

ಬಿಚ್ಚೋಕೆ ರಬ್ಬರ್ ಸುತ್ತಿಗೆ ಅಥವಾ ಮರದ ಕೊಡತಿ. ಏಟು ಜಾಯಿಂಟಿನ ಹತ್ತಿರಕ್ಕೇ ಬೀಳ್ಬೇಕು, ಮೆತ್ತಗೆ, ಎರಡೂ ಕಡೆ ಸಮನಾಗಿ. ಬರದೇ ಪಟ್ಟು ಹಿಡಿದ್ರೆ ಬೆಚ್ಚಗಿನ ವಿನೆಗರ್ ಸಂದಿಗೆ ಹನಿ ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಗಟ್ಟಿಯಾಗೇ ಇರೋ ಜಾಯಿಂಟ್ ತಂಟೆಗೆ ಹೋಗ್ಬೇಡಿ.

ಅಸಲಿ ಕೆಲಸ ಇಲ್ಲಿದೆ

ಹಳೇ ಅಂಟು ಪೂರ್ತಿ ತೆಗೀಬೇಕು. ಪೂರ್ತಿ ಅಂದ್ರೆ ಪೂರ್ತಿ. ಮರದ ಬಿಳಿ ಗಮ್, ಅಂದ್ರೆ ಪಿವಿಎ, ಮರದ ನಾರಿನೊಳಗೆ ಇಳಿದು ಹಿಡಿಯೋ ವಸ್ತು, ಹಳೇ ಗಮ್ ಪದರ ಅಡ್ಡ ಇದ್ರೆ ಇಳಿಯೋಕೆ ಜಾಗ ಎಲ್ಲಿ? ಹಳೇ ಕಾಲದ ಕುರ್ಚಿಗಳಲ್ಲಿ ಕಂದು ಬಣ್ಣದ, ಗಾಜಿನ ಥರ ಚೂರಾಗೋ ಅಂಟು ಸಿಗುತ್ತೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡಿದ್ದು, ಬಿಸಿನೀರಿನ ಬಟ್ಟೆ ಸುತ್ತಿಟ್ರೆ ಕರಗುತ್ತೆ. ಬಿಳಿ ಗಮ್ ಆದ್ರೆ ಬಿಸಿಗೆ ರಬ್ಬರಿನ ಹಾಗೆ ಮೆತ್ತಗಾಗುತ್ತೆ, ಆಗ ಚಾಕುವಿನ ಬೆನ್ನಿಂದ ಕೆರೀಬೇಕು. ತೂತಿನೊಳಗೆ ಪೆನ್ಸಿಲ್‌ಗೆ ಸುತ್ತಿದ 80 ನಂಬರ್ ಉಪ್ಪುಕಾಗದ ಆಡಿಸಿ. ಮರ ಸವೆಸ್ಬೇಡಿ, ಅಂಟು ಮಾತ್ರ ಹೋಗ್ಬೇಕು. ಕ್ಲೀನ್ ಆಯ್ತೋ ಇಲ್ವೋ ನೋಡೋಕೆ ಒಂದು ಹನಿ ನೀರು ಬಿಡಿ: ಮರ ಅದನ್ನ ಹೀರ್ಕೊಂಡು ಕಪ್ಪಗಾದ್ರೆ ಸರಿ, ಹನಿ ಮುತ್ತಿನ ಹಾಗೆ ಗುಂಡಗೆ ಮೇಲೇ ನಿಂತ್ರೆ ಅಂಟಿನ ಪದರ ಇನ್ನೂ ಇದೆ, ಮತ್ತೆ ಕೆರೀರಿ. ಒಂದು ಕುರ್ಚಿಗೆ ಇದಕ್ಕೇ ಅರ್ಧ ದಿನ ಹೋದ್ರೂ ಬೇಜಾರ್ ಮಾಡ್ಕೋಬೇಡಿ. ನೀರು ತಾಗಿದ ಮರ ಒಂದು ದಿನ ಒಣಗಲಿ.

ಆಮೇಲೆ ಗಮ್ ಇಲ್ಲದೆ ಒಮ್ಮೆ ಎಲ್ಲಾ ಜೋಡಿಸಿ ನೋಡಿ. ಅಡ್ಡಪಟ್ಟಿ ತುದಿ ತೂತಲ್ಲಿ ಲೂಸಾಗಿ ಓಡಾಡಿದ್ರೆ, ಮರ ಹೆರೆದಾಗ ಬರೋ ತೆಳು ಸುರುಳಿ ಇರುತ್ತಲ್ಲ, ಅದನ್ನ ಗಮ್ ಹಚ್ಚಿ ತುದಿಗೆ ಸುತ್ತಿ, ಬಿಳಿ ಗಮ್‌ಗೆ ಖಾಲಿ ಜಾಗ ತುಂಬೋ ತಾಕತ್ತಿಲ್ಲ.

ಅಂಟಿಸೋದು

ಯಾವುದು ಮೊದಲು ಅನ್ನೋದನ್ನ ಮುಂಚೇನೇ ಪ್ರಾಕ್ಟೀಸ್ ಮಾಡಿ, ಸುಮಾರು ಐದರಿಂದ ಹತ್ತು ನಿಮಿಷದಲ್ಲಿ ಗಮ್ ಬಿಗಿಯೋಕೆ ಶುರು ಆಗುತ್ತೆ. ಮುಂದಿನ ಎರಡು ಕಾಲಿನ ಚೌಕಟ್ಟು, ಹಿಂದಿನದು, ಕೊನೆಗೆ ಪಕ್ಕದ ಪಟ್ಟಿಗಳು. ತೂತಿನ ಗೋಡೆಗೂ ಪಟ್ಟಿ ತುದಿಗೂ ತೆಳ್ಳಗೆ ಬ್ರಷ್‌ನಲ್ಲಿ ಹಚ್ಚಿ, ತೂತಿನ ತಳದಲ್ಲಿ ಗಮ್ ನಿಲ್ಲೋ ಹಾಗೆ ಸುರೀಬೇಡಿ, ತುದಿ ಒಳಗೆ ಹೋಗುವಾಗ ಆ ಗಮ್‌ಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಕಾಲನ್ನೇ ಸೀಳಿಬಿಡಬಹುದು.

ಜೋಡಿಸಿದ್ಮೇಲೆ ಕ್ಲ್ಯಾಂಪ್, ಅಂದ್ರೆ ಎರಡೂ ಕಡೆಯಿಂದ ಒತ್ತಿ ಹಿಡಿಯೋ ಸಾಧನ, ಹಾಕಿ ಬಿಗೀರಿ. ಕ್ಲ್ಯಾಂಪ್ ಸಾಲಲಿಲ್ಲ ಅಂದ್ರೆ ನಾಲ್ಕೂ ಕಾಲಿಗೆ ಹಗ್ಗ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚ್ತಾ ಹೋಗಿ, ಚೆನ್ನಾಗೇ ಬಿಗಿಯುತ್ತೆ, ಹಗ್ಗ ತಾಗೋ ಕಡೆ ಬಟ್ಟೆ ಇಡೋದು ಮರೀಬೇಡಿ. ಸಂದಿಯಿಂದ ಗಮ್ ಸಣ್ಣ ಸಣ್ಣ ಮಣಿಗಳ ಹಾಗೆ ಹೊರಗೆ ಬಂದ್ರೆ ಸಾಕು, ನಿಲ್ಲಿಸಿ, ಒದ್ದೆ ಬಟ್ಟೇಲಿ ಒರೆಸಿ. ಈಗಲೇ ಕುರ್ಚೀನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಕಾಲು ತಾಗ್ತಿದೆಯಾ ನೋಡಿ, ಕೂರೋ ಹಲಗೆ ಕೆಳಗಿನ ಚೌಕಟ್ಟಲ್ಲಿ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳತೆ ಟೇಪ್ ಹಿಡೀರಿ, ಎರಡೂ ಅಳತೆ ಒಂದೇ ಬರ್ಬೇಕು. ಬರದಿದ್ರೆ ಕೈಯಲ್ಲಿ ಮೆಲ್ಲಗೆ ಒತ್ತಿ ಸರಿಮಾಡಿ, ಗಮ್ ಒಣಗಿದ ಮೇಲೆ ಏನೂ ಮಾಡೋಕಾಗಲ್ಲ.

24 ಗಂಟೆ ಯಾರೂ ಕೂರ್ಬಾರ್ದು. ಕುರ್ಚಿ ಮೇಲೆ ನಿಮ್ಮ ಹೆಸರು, ಅಂಟಿಸಿದ ದಿನ, ಟೈಮ್ ಬರೆದ ಚೀಟಿ ಹಚ್ಚಿಡಿ, ಇಲ್ಲಾಂದ್ರೆ ಕ್ಲ್ಯಾಂಪ್ ಬೇಕಾದವರು ಬಿಚ್ಕೊಂಡು ಹೋಗ್ತಾರೆ. ಮಾರನೇ ದಿನ ನೀವೇ ಬಂದು ಬಿಚ್ಚಿ, ಕ್ಲ್ಯಾಂಪಿಗೆ ಅಂಟಿದ ಒಣ ಗಮ್ ಕೆರೆದು ವಾಪಸ್ ಅದರ ಜಾಗಕ್ಕೆ ತೂಗು ಹಾಕಿ.