ಎರೆಮಣ್ಣಿನಲ್ಲಿ ಕವಳಿ ಗಿಡ: ನನ್ನ ಅನುಭವ

ಕಲಬುರಗಿಯ ಎರೆಮಣ್ಣಿನಲ್ಲಿ ಕವಳಿ ಗಿಡ (ಹುಳಿ ಹಣ್ಣು ಬಿಡುವ ಮುಳ್ಳಿನ ಪೊದೆ) ಬಿಸಿಲಿಗೆ ಸಾಯುವುದಿಲ್ಲ, ಮಳೆಗಾಲದಲ್ಲಿ ಬುಡಕ್ಕೆ ನಿಂತ ನೀರಿಗೆ ಸಾಯುತ್ತದೆ. ಎರೆಯಲ್ಲಿ ಆಳದ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ಅದು ಬಾನಿಯಂತೆ ನೀರು ಹಿಡಿದು ಬೇರು ಕೊಳೆಸುತ್ತದೆ. ಅದಕ್ಕೇ ನಾನು ಒಂದಡಿ ಎತ್ತರದ ಏರುಮಡಿ ಮಾಡಿ ನೆಡುತ್ತೇನೆ. ಎರಡು ಬುಟ್ಟಿ ಎರೆಮಣ್ಣಿಗೆ ಒಂದು ಬುಟ್ಟಿ ಗರಸು (ಸಣ್ಣ ಕಲ್ಲಿನ ಮಣ್ಣು), ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ತಾನೇ ಬಸಿದು ಹೋಗುವುದರಿಂದ ಅಲ್ಲಿ ಈ ಮಡಿ ಬೇಕಿಲ್ಲ.

ಪೂರ್ತಿ ಕಪ್ಪಾದ ಹಣ್ಣಿನಿಂದ ಬೀಜ ಹಿಸುಕಿ, ತಿರುಳು ತೊಳೆದು, ಒಂದು ದಿನ ನೆರಳಲ್ಲಿ ಆರಿಸಿ, ಅದೇ ವಾರ ಅರ್ಧ ಇಂಚು ಆಳಕ್ಕೆ ಊರಬೇಕು. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟ ಬೀಜ ಹುಟ್ಟುವುದನ್ನು ನಂಬಬೇಡಿ. ಸಸಿಯನ್ನು ಒಂದು ವರ್ಷ ಚೀಲದಲ್ಲೇ ಬೆಳೆಸಿ, ಮರುವರ್ಷ ಹದ ಮಳೆ ಬಿದ್ದ ಮೇಲೆ ನೆಡುವುದು. ಬೇಲಿಗಾದರೆ ಎರಡೂವರೆ ಅಡಿ ಅಂತರ, ಬಿಡಿ ಪೊದೆಗೆ ಎಂಟಡಿ. ಮೊದಲೆರಡು ಬೇಸಿಗೆ ವಾರಕ್ಕೊಂದು ಕೊಡ ನೀರು ಸಾಕು. ಮೂರು–ನಾಲ್ಕನೇ ವರ್ಷ ಹಣ್ಣು ಕಾಣುತ್ತದೆ.

ಹೆಚ್ಚಿನವರು ಎಡವುವುದು ಕತ್ತರಿಯಲ್ಲಿ. ಮಲ್ಲಿಗೆಯಂಥ ಬಿಳಿ ಹೂಗೊಂಚಲು ಬರುವುದು ಚಿಗುರಿನ ತುದಿಗೆ. ತಿಂಗಳಿಗೊಮ್ಮೆ ಗೋಡೆಯಂತೆ ಸಮ ಕತ್ತರಿಸಿದರೆ ತುದಿಯೇ ಉಳಿಯದು, ಬೇಲಿ ಹಸಿರಾಗಿದ್ದರೂ ಬರಡು. ನಾನು ವರ್ಷಕ್ಕೆ ಒಮ್ಮೆ ಮಾತ್ರ, ಹಣ್ಣು ಮುಗಿದ ಮೇಲೆ, ಮೂರರಲ್ಲೊಂದು ಪಾಲು ಸವರುತ್ತೇನೆ. ದೀಪಾವಳಿ ನಂತರ ಕತ್ತರಿ ಮುಟ್ಟಿಸುವುದೇ ಇಲ್ಲ. ಕಡಿದ ಕೊನೆಯಿಂದ ಒಸರುವ ಬಿಳಿ ಹಾಲು ಗೋಂದಿನಂತೆ ಅಂಟುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಕೈಗೂ ಕತ್ತರಿಗೂ ಮೊದಲೇ ಕುಸುಬಿ ಎಣ್ಣೆ ಸವರಿಕೊಳ್ಳಿ. ಮುಳ್ಳು ಜೋಡಿಜೋಡಿಯಾಗಿ ಇರುವುದರಿಂದ ದಪ್ಪ ಚರ್ಮದ ಕೈಗವಸು ಬೇಕೇ ಬೇಕು.

ಸವರುವ ಮುಂಚೆ ಪೊದೆಯ ಒಳಗೆ ಬಗ್ಗಿ ನೋಡಬೇಕು. ಈ ಮುಳ್ಳಿನ ನಡುವೆ ಬೆಕ್ಕು ನುಗ್ಗದು, ಹಾಗಾಗಿ ಪಿಕಳಾರ ಹಕ್ಕಿ ಗೂಡು ಕಟ್ಟುತ್ತದೆ. ಮೊಟ್ಟೆಯೋ ಮರಿಯೋ ಇದ್ದರೆ ಆ ಗಿಡ ಬಿಟ್ಟುಬಿಡಿ, ಮೂರು ವಾರ ತಡವಾದರೆ ಗಿಡಕ್ಕೇನೂ ನಷ್ಟವಿಲ್ಲ. ಬೆರಳುದ್ದದ ಹಸಿರು ಹುಳ, ತಲೆಯ ಹಿಂದೆ ಎರಡು ನೀಲಿ ಕಣ್ಣಿನಂಥ ಚುಕ್ಕೆ ಹೊತ್ತು ಎಲೆ ಮೇಯುತ್ತಿದ್ದರೂ ಔಷಧಿ ಹೊಡೆಯಬೇಡಿ. ಅದು ಕಣಗಿಲೆಯ ಮೇಲೂ ಬರುವ ದೊಡ್ಡ ಪತಂಗದ ಮರಿ. ತಿಂದ ಎಲೆ ಮಳೆಗೆ ಮತ್ತೆ ಚಿಗುರುತ್ತದೆ, ವಿಷ ತಿಂದ ಹುಳ ಮಾತ್ರ ಹಕ್ಕಿಮರಿಯ ಬಾಯಿಗೆ ಹೋಗುತ್ತದೆ.

ಉಪ್ಪಿನಕಾಯಿಗೆ ಬೇಕಾದ್ದನ್ನು ಕಾಯಿ ಗುಲಾಬಿ ಬಣ್ಣಕ್ಕೆ ತಿರುಗುವಾಗಲೇ ಎದೆಮಟ್ಟದವರೆಗೆ ಕೀಳುತ್ತೇನೆ. ಮೇಲಿನದನ್ನೂ ಒಳಗಿನದನ್ನೂ ಕಪ್ಪಾಗಲು ಬಿಡುವುದು, ಪಿಕಳಾರ, ಕೋಗಿಲೆ, ಅಳಿಲುಗಳ ಪಾಲು ಅದು.