ಕರುಳುಬೇನೆ ನನ್ನ ಶೆಡ್ ಬಿಟ್ಟು ಹೋಗಿದ್ದು ಹೀಗೆ

ಬಕ್ರೀದ್‌ಗೆ ಬೆಳೆಸಿ ಮಾರಲು ಸಂತೆಯಿಂದ ತಂದ ಟಗರು ಮರಿಗೆ ಮೊದಲ ಒಂದು ತಿಂಗಳು ಮುಸುಕಿನ ಜೋಳದ ಒಂದು ಕಾಳನ್ನೂ ನಾನು ಹಾಕುವುದಿಲ್ಲ. ಇದನ್ನು ಶುರು ಮಾಡಿದಾಗ ಸಿರಾ ಕಡೆಯ ನಮ್ಮ ಕುರಿ ಸಾಕುವವರು ಯಾರೂ ಒಪ್ಪಲಿಲ್ಲ. "ಬಕ್ರೀದ್ ನಿನಗೋಸ್ಕರ ಕಾಯುತ್ತಾ? ಒಂದು ತಿಂಗಳ ತೂಕ ಹೋಯ್ತಲ್ಲಪ್ಪ" ಅಂದರು. ಆಮೇಲೆ ಕೆಲವು ವರ್ಷಗಳಿಂದ ನನ್ನ ಶೆಡ್ಡಿನಲ್ಲಿ ಕರುಳುಬೇನೆಗೆ, ಅಂದರೆ ಕರುಳಲ್ಲಿ ರೋಗಾಣು ಹೆಚ್ಚಿ ವಿಷ ಬಿಟ್ಟು ಕುರಿಯನ್ನು ಥಟ್ಟನೆ ಕೊಲ್ಲುವ ಕಾಯಿಲೆಗೆ, ಒಂದು ಟಗರೂ ಸತ್ತಿಲ್ಲ. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಮೊದಲು ಆದ ನಷ್ಟ ಹೇಳುತ್ತೇನೆ. ಅಕ್ಕಿರಾಂಪುರ ಸಂತೆಯಲ್ಲಿ ಆಗ ಮೂರ್ನಾಲ್ಕು ತಿಂಗಳ ಮರಿಗೆ ಆರೂವರೆ, ಏಳು ಸಾವಿರ ಇತ್ತು. ತಂದ ವಾರದಲ್ಲೇ ಎಲ್ಲರಂತೆ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ ಶುರು. ಮರಿಗಳು ಮೈ ತುಂಬಿಕೊಂಡು ಹೊಳೆಯುತ್ತಿದ್ದವು. ಆಮೇಲೆ ಸಾಯತೊಡಗಿದವು. ಬಡಕಲು ಮರಿ ಸಾಯುವುದಿಲ್ಲ, ಅದನ್ನು ಗಮನಿಸಿ. ಎಲ್ಲರನ್ನೂ ತಳ್ಳಿ ಮುಂದೆ ನುಗ್ಗಿ ತಿನ್ನುವ ದಪ್ಪ ಮರಿಯೇ ಬೆಳಗ್ಗೆ ಕತ್ತು ಹಿಂದಕ್ಕೆ ಸೆಟೆದುಕೊಂಡು ಬಿದ್ದಿರುತ್ತದೆ. ರಾತ್ರಿ ಚೆನ್ನಾಗಿ ಮೇವು ತಿಂದಿರುತ್ತದೆ. ಆ ಬ್ಯಾಚಿನಲ್ಲಿ ಹತ್ತು, ಹನ್ನೆರಡು ಹೋದವು. ಮರಿ ದುಡ್ಡು, ಮೇವು, ಔಷಧಿ ಎಲ್ಲಾ ಸೇರಿ ಲಕ್ಷದ ಹತ್ತಿರ.

ಹಾವು ಅಂದರು. ಶೆಡ್ ದಿಕ್ಕು ಸರಿಯಿಲ್ಲ ಅಂದರು. ಇನ್ನೊಬ್ಬರು ಪಿಪಿಆರ್ ಅನ್ನುವ ವೈರಸ್ ಕಾಯಿಲೆ ಅಂತ ಹೇಳಿ ಸಾಲಾಗಿ ಆಂಟಿಬಯೋಟಿಕ್ ಚುಚ್ಚಿಸಿದರು. ಪಿಪಿಆರ್ ಆಗಿದ್ದರೆ ಜ್ವರ ಬರುತ್ತದೆ, ಕಣ್ಣು ಮೂಗು ಸುರಿಯುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ಆಮೇಲೆ ಭೇದಿ. ನಮ್ಮ ಮರಿಗಳಲ್ಲಿ ಇದ್ಯಾವುದೂ ಇರಲಿಲ್ಲ. ಕರುಳುಬೇನೆಯಲ್ಲಿ ಕಾಯಿಲೆ ಕಾಣಿಸುವುದಕ್ಕೂ ಸಾಯುವುದಕ್ಕೂ ನಡುವೆ ಕೆಲವೇ ಗಂಟೆ. ಔಷಧಿಗೆ ಹಾಕಿದ ದುಡ್ಡು ಸುಮ್ನೆ ಹೋಯಿತು.

ರೋಗ ಯಾವುದು ಅಂತ ಗೊತ್ತಾಗಬೇಕಾದರೆ ಸತ್ತ ಮರಿ ಇನ್ನೂ ಬಿಸಿಯಿರುವಾಗಲೇ ಕುಯ್ದು ನೋಡಬೇಕು. ಕಿಡ್ನಿ ಮೆತ್ತಗಾಗುವುದು ಕರುಳುಬೇನೆಯ ಒಂದು ಗುರುತು, ಆದರೆ ನಮ್ಮ ಬಿಸಿಲಿಗೆ ಮೂರ್ನಾಲ್ಕು ಗಂಟೆ ಬಿಟ್ಟರೆ ಯಾವ ಕಾಯಿಲೆಯಲ್ಲಿ ಸತ್ತ ಮರಿಯ ಕಿಡ್ನಿಯೂ ಮೆತ್ತಗಾಗುತ್ತದೆ, ಆಗ ಏನೂ ಹೇಳಕ್ಕಾಗಲ್ಲ. ಇಲ್ಲಿ ಒಂದು ಮಾತು. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಚಾಕು ಮುಟ್ಟಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಬರುತ್ತದೆ. ದೂರ ನಿಂತು ಡಾಕ್ಟರಿಗೆ ಫೋನ್ ಮಾಡಿ. ಕುರಿ ಸತ್ತರೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೂ ಡಾಕ್ಟರೇ ಬಂದು ಪೋಸ್ಟ್‌ಮಾರ್ಟಮ್ ಮಾಡಬೇಕು, ಹಾಗಾಗಿ ನಾನು ಯಾವಾಗಲೂ ಅವರನ್ನೇ ಕರೆಸುತ್ತೇನೆ.

ನಮ್ಮ ಡಾಕ್ಟರು ಕುಯ್ದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಸಣ್ಣ ಕರುಳಿನ ಕೆಲವು ಸುರುಳಿ ಕೆಂಪಾಗಿ, ಗೋಡೆ ತೆಳ್ಳಗಾಗಿ, ಒಳಗೆ ನೀರು ಗಂಜಿಯಂಥದ್ದು ತುಂಬಿತ್ತು. ಗುಂಡಿಗೆ ಚೀಲದಲ್ಲಿ ಹಳದಿ ನೀರು. ಆ ನೀರನ್ನು ಹೊರಗಿಟ್ಟರೆ ಲೋಳೆಯಾಗಿ ಹೆಪ್ಪುಗಟ್ಟಿತು. ಹೊಟ್ಟೆ ತುಂಬಾ ಅರಗದ ಜೋಳ. ಆಮೇಲೆ ಅವರು ಮೂತ್ರದ ಚೀಲಕ್ಕೆ ಸಿರಿಂಜ್ ಹಾಕಿ ಎರಡು ಹನಿ ತೆಗೆದರು. ಸಕ್ಕರೆ ಕಾಯಿಲೆಯವರು ಮೂತ್ರ ನೋಡಿಕೊಳ್ಳುವ ಪಟ್ಟಿಯ ಮೇಲೆ ಬಿಟ್ಟರು. ಬಣ್ಣ ತಿರುಗಿತು! ಆರೋಗ್ಯವಾಗಿರುವ ಕುರಿ ಮೂತ್ರದಲ್ಲಿ ಸಕ್ಕರೆ ಇರಲ್ಲ. ಪಟ್ಟಿ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನನ್ನ ಶೆಡ್ಡಿನಲ್ಲಿ ಈಗಲೂ ಒಂದು ಇಟ್ಟಿದ್ದೇನೆ. ಬಣ್ಣ ತಿರುಗದಿದ್ದರೆ ಕರುಳುಬೇನೆ ಅಲ್ಲ ಅಂತಲ್ಲ, ತಿರುಗಿದರೆ ಅನುಮಾನ ಗಟ್ಟಿಯಾಗುತ್ತದೆ. ಖಾತ್ರಿಗೆ ಒಂದು ಅಡಿ ಸಣ್ಣ ಕರುಳಿನ ಎರಡೂ ತುದಿಗೆ ದಾರ ಕಟ್ಟಿ, ಐಸ್ ಡಬ್ಬದಲ್ಲಿಟ್ಟು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಿದೆವು. ಅಲ್ಲಿಂದಲೂ ಕರುಳುಬೇನೆ ಅಂತಲೇ ಉತ್ತರ ಬಂತು.

ಈ ರೋಗಾಣು ಹೊರಗಿಂದ ಬರುವುದಲ್ಲ, ಕುರಿಯ ಕರುಳಲ್ಲೇ ಸ್ವಲ್ಪ ಇರುತ್ತದೆ. ಅರಗದ ಪಿಷ್ಟ ಒಮ್ಮೆಲೇ ಸಣ್ಣ ಕರುಳಿಗೆ ಇಳಿದಾಗ ಹೆಚ್ಚಿ ವಿಷ ಬಿಡುತ್ತದೆ. ಮುಂಗಾರಿನ ಮೊದಲ ಎಳೆ ಹುಲ್ಲಿಗೆ ಬಯಲು ಕುರಿ ಸಾಯುವುದೂ ಇದರಿಂದಲೇ.

ಈಗ ನಾನು ಮಾಡುವುದು ಇಷ್ಟು. ಮರಿ ತಂದ ಮೂರ್ನಾಲ್ಕು ದಿನ ನೀರು, ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ. ಸುಧಾರಿಸಿಕೊಂಡ ಮೇಲೆ ಜಂತು ಔಷಧಿ, ಕರುಳುಬೇನೆ ಲಸಿಕೆ ಎರಡೂವರೆ ಎಂಎಲ್ ಚರ್ಮದ ಕೆಳಗೆ. ಎರಡು, ಮೂರು ವಾರಕ್ಕೆ ಮತ್ತೊಂದು ಡೋಸ್. ಜನ ಬಿಡುವುದು ಇದನ್ನೇ. ಸಂತೆ ಮರಿಗೆ ಮೊದಲು ಏನು ಹಾಕಿದ್ದಾರೋ ಯಾರಿಗೆ ಗೊತ್ತು? ಒಂದು ಡೋಸ್ ನಂಬಿ ಜೋಳ ಸುರಿದವರು ನಮ್ಮ ಪಕ್ಕದ ಊರಲ್ಲೇ ಇದ್ದಾರೆ, ಅವರ ಮರಿ ಸತ್ತಿದ್ದನ್ನು ನೋಡಿದ್ದೇನೆ. ಲಸಿಕೆಯನ್ನು ಐಸಿನಲ್ಲೇ ತನ್ನಿ, ಆದರೆ ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ.

ಎರಡನೇ ಡೋಸ್ ಆಗಿ ಹತ್ತು ದಿನಕ್ಕೆ ಜೋಳ, ತಲೆಗೆ ಐವತ್ತು ಗ್ರಾಂ. ನಾಲ್ಕೈದು ದಿನಕ್ಕೊಮ್ಮೆ ಇನ್ನೈವತ್ತು. ನಾನು ನಾಲ್ಕು ನೂರು ಗ್ರಾಂ ದಾಟಿಸುವುದಿಲ್ಲ, ಅದೂ ಮೂರು ಹೊತ್ತಿಗೆ ಹಂಚಿ, ಮೊದಲು ಮೇವು ತಿಂದ ಮೇಲೆ. ತೊಟ್ಟಿಯಲ್ಲಿ ಪ್ರತಿ ಮರಿಗೆ ಒಂದಡಿ ಜಾಗ ಇರಲೇಬೇಕು. ಇಲ್ಲಾಂದ್ರೆ ನಾಲ್ಕು ನೂರು ಗ್ರಾಂ ಅನ್ನುವುದು ಲೆಕ್ಕದಲ್ಲಿ ಮಾತ್ರ, ದೊಡ್ಡದು ಮುಕ್ಕಾಲು ಕೆಜಿ ತಿಂದಿರುತ್ತದೆ.

ಖರ್ಚು ಹೇಳಿಬಿಡುತ್ತೇನೆ. ಮಾರುವ ಹೊತ್ತಿಗೆ ನನ್ನ ಟಗರು ಪಕ್ಕದವರದ್ದಕ್ಕಿಂತ ಒಂದು, ಒಂದೂವರೆ ಕೆಜಿ ಕಮ್ಮಿ ಬರುತ್ತದೆ. ಜೀವಂತ ತೂಕ ಕೆಜಿಗೆ ನಾಲ್ಕು ನೂರೈವತ್ತು ಅಂದರೂ ತಲೆಗೆ ನಾಲ್ಕು ನೂರೈವತ್ತರಿಂದ ಆರು ನೂರ ಎಪ್ಪತ್ತೈದು ಹೋಯಿತು. ನಲವತ್ತು ಮರಿಗೆ ಹದಿನೆಂಟರಿಂದ ಇಪ್ಪತ್ತೇಳು ಸಾವಿರ. ಸಾವಿನ ಲಕ್ಷದ ಮುಂದೆ ಇದೇನು ದೊಡ್ಡದಲ್ಲ, ಅಲ್ವಾ? ಬಕ್ರೀದ್ ವರ್ಷಕ್ಕೆ ಹತ್ತು, ಹನ್ನೊಂದು ದಿನ ಮುಂಚೆ ಬರುತ್ತದೆ, ಮರಿ ಕೊಳ್ಳುವುದನ್ನೂ ಅಷ್ಟೇ ಮುಂಚೆ ಮಾಡಿಕೊಂಡರಾಯಿತು.

ಮಧ್ಯೆ ಬೇರೆ ಪ್ರಯೋಗವನ್ನೂ ಮಾಡಿದೆ. ನುಚ್ಚಿನ ಬದಲು ಇಡೀ ಕಾಳು ಹಾಕಿದೆ. ಮರಿ ನಿಧಾನವಾಗಿ ಅಗಿದು ತಿನ್ನುತ್ತದೆ, ಹಿಕ್ಕೆಯೂ ಗಟ್ಟಿ. ಮಿಲ್ಲಿನ ಕೂಲಿಯೂ ಉಳಿಯಿತು. ಅಡುಗೆ ಸೋಡಾ ನೂರು ಕೆಜಿಗೆ ಒಂದು ಕೆಜಿ ಸೇರಿಸಿದೆ, ಹೊಟ್ಟೆಯ ಹುಳಿ ಕಮ್ಮಿಯಾಯಿತು. ಮಜ್ಜಿಗೆ, ಅರಿಶಿನ ಕುಡಿಸಿದ್ದರಿಂದ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಿಂಡಿ ಯಾವ ಪ್ರಮಾಣದಲ್ಲಿ ಕೂಡಿಸುತ್ತೇನೆ, ಸಂತೆಯಲ್ಲಿ ಮರಿ ಆರಿಸುವಾಗ ಮೊದಲು ಎಲ್ಲಿ ಕೈ ಇಡುತ್ತೇನೆ, ಇವೆರಡನ್ನು ಇಲ್ಲಿ ಬರೆಯಲ್ಲ. ವ್ಯಾಪಾರ ಅಲ್ವಾ.

ಮೇಕೆ ಸಾಕುವವರು ಇದನ್ನೇ ನಂಬಿಕೊಳ್ಳಬೇಡಿ. ನನ್ನ ನಾಲ್ಕಾರು ಮೇಕೆಗಳಲ್ಲಿ ಇದೇ ಬೇನೆ ಬೇರೆ ರೂಪದಲ್ಲಿ ಬಂತು. ಥಟ್ಟನೆ ಸಾವಲ್ಲ, ರಕ್ತ, ಲೋಳೆಯ ಭೇದಿ ದಿನಗಟ್ಟಲೆ. ಕುಯ್ದರೆ ಸಣ್ಣ ಕರುಳು, ದೊಡ್ಡ ಕರುಳು ಎರಡೂ ಉರಿದು ಕೆಂಪಾಗಿ, ಒಳಗೆ ಪೊರೆ ಕಟ್ಟಿತ್ತು. ಚಿಕ್ಕ ಮರಿಯಾದರೆ ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿಯಿಂದ ಬರುವ ಭೇದಿಯೂ ಹೀಗೇ ಕಾಣುತ್ತದೆ, ಅದಕ್ಕೇ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ತೋರಿಸಿಕೊಂಡೇ ಔಷಧಿ ಕೊಡಿಸುತ್ತೇನೆ. ಲಸಿಕೆ ಮೇಕೆಯಲ್ಲಿ ಕುರಿಯಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಡಾಕ್ಟರ ಮಾತಿನ ಮೇಲೆ ಅವಕ್ಕೆ ಮೂರ್ನಾಲ್ಕು ತಿಂಗಳಿಗೊಮ್ಮೆ ಹಾಕಿಸುತ್ತಿದ್ದೇನೆ, ಭೇದಿ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ.