ಸೈಲೊಸೈಬಿನ್ ಚಿಕಿತ್ಸೆಗೆ ಹೋಗುವ ಮುನ್ನ: ಮುಂದುವರಿದ ಕ್ಯಾನ್ಸರ್ ಇರುವವರಿಗೆ, ಅವರ ಮನೆಯವರಿಗೆ

ನಾನು ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆಯ ನರ್ಸ್. ಸಾವಿನ ಭಯ ಮಾತ್ರೆಗೂ ಬಗ್ಗದೆ, ಸಮಾಧಾನದ ಮಾತಿಗೂ ಬಗ್ಗದೆ ನಿದ್ದೆಗೆಟ್ಟವರು ಸೈಲೊಸೈಬಿನ್ ಬಗ್ಗೆ, ಅಂದರೆ ಕೆಲವು ಬಗೆಯ ಅಣಬೆಗಳಲ್ಲಿರುವ, ಕೆಲವು ಗಂಟೆ ಮನಸ್ಸಿನ ಅನುಭವವನ್ನೇ ಬದಲಿಸುವ ವಸ್ತುವಿನ ಬಗ್ಗೆ ಕೇಳುತ್ತಾರೆ. ಅವರ ಆಸೆಗೆ ಆಧಾರವಿದೆ. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 51, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 29 ರೋಗಿಗಳ ಮೇಲೆ ನಡೆದ ಅಧ್ಯಯನಗಳು ಪ್ರಕಟವಾದವು. ಆರು ತಿಂಗಳ ನಂತರವೂ ಬಹುಪಾಲು ಜನರ ಆತಂಕ ತಗ್ಗಿಯೇ ಇತ್ತು. ಆದರೆ ಇವು ಸಣ್ಣ ಅಧ್ಯಯನಗಳು. ಹೋಲಿಕೆಗೆಂದು ಹುಸಿ ಗುಳಿಗೆಯನ್ನೋ ತೀರಾ ಕಡಿಮೆ ಪ್ರಮಾಣದ್ದನ್ನೋ ಕೊಟ್ಟರೂ, ನಿಜವಾದ ಗುಳಿಗೆ ಯಾರಿಗೆ ಸಿಕ್ಕಿತೆಂಬುದು ಅದರ ಪರಿಣಾಮದಿಂದಲೇ ಬಯಲಾಗುವುದರಿಂದ, ನಿರೀಕ್ಷೆಯ ಪಾಲೆಷ್ಟು ಎಂದು ಅಳೆಯುವುದು ಕಷ್ಟ.

ಮೊದಲು ಕಾನೂನಿನ ದಾರಿ ಹಿಡಿಯಿರಿ. ಹೆಚ್ಚಿನ ದೇಶಗಳಲ್ಲಿ ಅದು ಕ್ಲಿನಿಕಲ್ ಟ್ರಯಲ್ (ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನ) ಮಾತ್ರ. ಕೆನಡಾದಲ್ಲಿ 2022ರಿಂದ ವೈದ್ಯರು ವಿಶೇಷ ಅನುಮತಿಗೆ ಅರ್ಜಿ ಹಾಕಬಹುದು. ಅಣಬೆ ತರಿಸಿ ಮನೆಯಲ್ಲೇ ತಿನ್ನುವ ಯೋಚನೆ ದಯವಿಟ್ಟು ಬೇಡ.

ಆಮೇಲೆ ಔಷಧಿಗಳ ಪಟ್ಟಿ. ಒಂದನ್ನೂ ಬಿಡದೆ ಬರೆಯಿರಿ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಜೊತೆ ಸೈಲೊಸೈಬಿನ್ ಸೇರಿದರೆ ಫಿಟ್ಸ್ ಬರುವ ಅಪಾಯವಿದೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ನೋವಿಗೆ ಕೊಡುವ ಮೆಥಡೋನ್ ಹೃದಯದ ಲಯದ ಮೇಲೆ ಪ್ರಭಾವ ಬೀರುತ್ತವೆ, ಹಾಗಾಗಿ ಇಸಿಜಿ ನೋಡಬೇಕಾಗುತ್ತದೆ. ಖಿನ್ನತೆಯ ಮಾತ್ರೆಗಳು ಸೈಲೊಸೈಬಿನ್‌ನ ಪರಿಣಾಮವನ್ನು ಕುಗ್ಗಿಸಬಹುದು; ಹಾಗೆಂದು ನೀವೇ ನಿಲ್ಲಿಸಬೇಡಿ. ನಿಮಗೋ ರಕ್ತಸಂಬಂಧಿಗಳಿಗೋ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಮಾನಸಿಕ ಕಾಯಿಲೆ ಇದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವಕಾಶ ತಪ್ಪುತ್ತದೆಂದು ಅದನ್ನು ಮುಚ್ಚಿಡಬೇಡಿ.

ಗುಳಿಗೆಗೂ ಮುಂಚೆ ಚಿಕಿತ್ಸಕರ ಜೊತೆ ಹಲವು ಗಂಟೆ ಮಾತುಕತೆ ಇರುತ್ತದೆ. ನನ್ನ ಮಟ್ಟಿಗೆ ಅರ್ಧ ಚಿಕಿತ್ಸೆ ಅಲ್ಲೇ ಇದೆ. ‘ಭಯ ಆಗುತ್ತೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಉಸಿರು ಕಟ್ಟುವ ಭಯವೋ, ಮಕ್ಕಳನ್ನು ಬಿಟ್ಟುಹೋಗುವ ಭಯವೋ, ಹಾಸಿಗೆ ಹಿಡಿದು ಇನ್ನೊಬ್ಬರಿಗೆ ಹೊರೆಯಾಗುವ ಭಯವೋ, ಬಿಡಿಸಿ ಹೇಳಿ. ಗುಳಿಗೆಯ ದಿನ ಅವರು ನಿಮ್ಮ ಕೈ ಹಿಡಿದುಕೊಳ್ಳಬಹುದೇ, ಬೇಡವೇ ಎಂಬುದನ್ನೂ ಈ ಮಾತುಕತೆಯಲ್ಲೇ ತೀರ್ಮಾನಿಸಿ.

ಗುಳಿಗೆ ನುಂಗುವ ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸಂಗೀತ ಕೇಳುತ್ತಾ ಆರೆಂಟು ಗಂಟೆ ಮಲಗಿರಬೇಕು. ಇಬ್ಬರು ಜೊತೆಗಿರುತ್ತಾರೆ, ಆಗಾಗ ಬಿಪಿ ನೋಡುತ್ತಾರೆ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ಅಷ್ಟು ಹೊತ್ತು ಅಂಗಾತ ಮಲಗುವುದೇ ಹಿಂಸೆ. ಯಾವ ಮಗ್ಗುಲು ಹಿತ, ಮಂಡಿಯ ಕೆಳಗೆ ದಿಂಬು ಬೇಕೇ ಎಂದು ಹಿಂದಿನ ದಿನವೇ ಮಲಗಿ ನೋಡಿ. ನೋವು ಹೆಚ್ಚಾದರೆ ಕೊಡುವ ಮಾರ್ಫಿನ್ ಪ್ರಮಾಣ ಬರಹದಲ್ಲಿರಲಿ. ಸ್ಟೋಮಾ ಚೀಲ (ಮಲ-ಮೂತ್ರಕ್ಕೆಂದು ಹೊಟ್ಟೆಯ ಮೇಲೆ ಅಂಟಿಸಿದ ಚೀಲ) ಇದ್ದರೆ ಶುರುವಿಗೆ ಮುಂಚೆ ಖಾಲಿ ಮಾಡಿಸಿ. ನಡುವೆ ವಾಕರಿಕೆ, ಅಳು, ದಿಗಿಲು ಬರಬಹುದು. ‘ಹೆದರಿಕೆ ಆಗ್ತಿದೆ’ ಎಂದು ಬಾಯಿಬಿಟ್ಟು ಹೇಳಿ.

ಮನೆಯವರೇ, ಸಂಜೆ ವಾಹನ ನೀವು ಓಡಿಸಿ. ‘ಏನು ಕಂಡಿತು, ವಾಸಿ ಅನ್ನಿಸ್ತಿದೆಯಾ’ ಎಂದು ಬೆನ್ನುಬೀಳಬೇಡಿ. ಅವರೇ ಹೇಳಿಕೊಂಡದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ, ಮುಂದಿನ ಭೇಟಿಗಳಲ್ಲಿ ಚಿಕಿತ್ಸಕರು ಅಲ್ಲಿಂದಲೇ ಮಾತು ಮುಂದುವರಿಸುತ್ತಾರೆ. ಆತಂಕ ಇಳಿಯದೆ ಏರುತ್ತಾ ಹೋದರೆ ಆ ಭೇಟಿಯವರೆಗೆ ಕಾಯದೆ ಅಂದೇ ತಂಡಕ್ಕೆ ಫೋನ್ ಮಾಡಿ.